ಕೆಂಪು ಚೀಟಿ ಅಂಟಿಸದ ಹಾರ್ಡ್ ಡಿಸ್ಕ್

ಮಾರ್ಚ್ 4, ಮಧ್ಯಾಹ್ನ 1.10

ಎಂದಿನಂತೆ ಮೈಕುಗಳ ಪರೀಕ್ಷೆ, ಇಯರ್‌ಫೋನ್ ಒರೆಸುವುದು, ಅಕ್ಕ ಮಕ್ಕಳಿಗೆ ಮಾತು ಕಲಿಸುವ ಕೋಣೆಯಲ್ಲಿ ಬೊಂಬೆ ಜೋಡಿಸುವುದು. ಆಮೇಲೆ ಎರಡು ತಿಂಗಳಿಂದ ಮುಂದೂಡಿದ ಕೆಲಸ — ಹಾರ್ಡ್ ಡಿಸ್ಕಿನ ಎರಡನೇ ಕಾಪಿ. ಮಾತು ಬಾರದ ಮಕ್ಕಳು ಇಲ್ಲಿಗೆ ಬಂದು ಮೊದಲು ಹೊರಡಿಸಿದ ದನಿಗಳು, ಒಂಬತ್ತು ವರ್ಷದವು, ಎಲ್ಲ ಅದೊಂದರಲ್ಲೇ. ಫೋನಿನಲ್ಲಿ ಹರಟುತ್ತಾ ಎದ್ದೆ. ವೈರಿಗೆ ಕಾಲು ತಗುಲಿತು. ಡಿಸ್ಕ್ ಮೇಜಿನಿಂದ ನೆಲಕ್ಕೆ. ಒಳಗೆ ತಿರುಗುತ್ತಿದ್ದಾಗಲೇ.

ಎತ್ತಿಟ್ಟೆ. ಲೈಟ್ ಉರಿಯುತ್ತಿದೆ. ಯಾರೂ ನೋಡಲಿಲ್ಲ.

ಅಕ್ಕನ ನಿಯಮ ಒಂದೇ. ಏನು ಬಿದ್ದರೂ ಬಿದ್ದ ತಾರೀಖು ಬರೆದು ಕೆಂಪು ಚೀಟಿ ಅಂಟಿಸಬೇಕು. ಪರೀಕ್ಷೆ ಆಗುವವರೆಗೆ ಯಾರೂ ಬಳಸಬಾರದು. ಬೈಯುವುದಿಲ್ಲ ಕೂಡ. ಚೀಟಿ ಡ್ರಾಯರಿನಲ್ಲೇ ಇತ್ತು. ಅಂಟಿಸಲಿಲ್ಲ.

ಮಾರ್ಚ್ 5

ಕಾಪಿಗೆ ಹಾಕಿದೆ. ಸೆಕೆಂಡಿಗೆ ನೂರು ಎಂಬಿ ಬರುತ್ತಿದ್ದದ್ದು ಈಗ ಎರಡು. ನಡುನಡುವೆ ಸೊನ್ನೆ.

ಅಕ್ಕ ಇಣುಕಿದಳು. "ಏನೇ ಇದು, ಬಸವನಹುಳು ಮೇಲೆ ಕೂರಿಸಿ ಕಳಿಸ್ತಿದ್ದೀಯಾ?"

ನಕ್ಕೆ. "ಕೇಬಲ್ ಹಳೇದಾಯ್ತು ಅನ್ಸತ್ತೆ."

ಉರಿಬಿಸಿಲಿನಲ್ಲಿ ಅವಳೇ ಹೋಗಿ ಹೊಸ ಕೇಬಲ್ ತಂದಳು. ನಾಚಿಕೆಯಾಯಿತು. ಆದರೂ ಬಾಯಿ ಬಿಡಲಿಲ್ಲ.

ಮಾರ್ಚ್ 6, ಸಂಜೆ 5

ಕೇಬಲ್ ಬದಲಾಯಿತು. ಪೋರ್ಟ್ ಬದಲಾಯಿತು. ಆಂಟಿವೈರಸ್ ಆಫ್. ಅಕ್ಕನ ಲ್ಯಾಪ್‌ಟಾಪಿಗೂ ಹಾಕಿದ್ದಾಯಿತು. ಅದೇ ಎರಡು. ಅಕ್ಕ ಕಂಪ್ಯೂಟರ್ ರಿಪೇರಿಯವರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ಎಲ್ಲಾದ್ರೂ ಬಿದ್ದಿತ್ತಾ ಮೇಡಂ? ಬಿದ್ದಿದ್ರೆ ಓಡಿಸ್ಲೇಬೇಡಿ, ಒಳಗಿರೋದೂ ಹೋಗತ್ತೆ, ಹಾಗೇ ತಂದ್ಬಿಡಿ."

ಅಕ್ಕ ನನ್ನ ಕಡೆ ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನು. ಕೈ ತಾನಾಗಿ ಡ್ರಾಯರಿನತ್ತ ಹೋಯಿತು.

"ಇಲ್ಲ" ಎಂದೆ.

"ನನ್ ತಂಗಿ ಇಲ್ಲ ಅಂದ್ರೆ ಇಲ್ಲ. ಬಿದ್ದಿದ್ರೆ ಚೀಟಿ ಇರ್ತಿತ್ತು" ಎಂದಳು ಅಕ್ಕ.

"ಹಾಗಾದ್ರೆ ಫುಲ್ ಸ್ಕ್ಯಾನ್ ಹಾಕಿ. ಮೂರ್ನಾಲ್ಕು ದಿನ ಹಿಡೀಬಹುದು."

ಹಾಕಿದ್ದು ನಾನೇ. ಗೊತ್ತಿದ್ದೂ ಗೊತ್ತಿದ್ದೂ.

ಮಾರ್ಚ್ 8, ಬೆಳಿಗ್ಗೆ 11

ನಿನ್ನೆ ಬರೆಯಲು ಮುಖವಿರಲಿಲ್ಲ. ಸ್ಕ್ಯಾನ್ ಶೇಕಡಾ 34ರಲ್ಲೇ ನಿಂತಿದೆ. ಒಳಗಿನಿಂದ ಟಕ್... ಟಕ್... ಶುರುವಾಗಿದೆ.

ನಾವು ಮಾತಿನಮಲ್ಲಿ ಎಂದು ಕರೆಯುವ ಹುಡುಗಿ ತಾಯಿಯ ಜೊತೆ ಬಂದಿದ್ದಳು. ನಾಲ್ಕು ತುಂಬಿದರೂ ತುಟಿ ಬಿಚ್ಚದಿದ್ದವಳು. ಈಗ ಅರಳು ಹುರಿದ ಹಾಗೆ ಮಾತು.

"ಇವಳು ಮೊದಲ್ನೇ ಸಲ ಅಮ್ಮ ಅಂದಿದ್ದನ್ನ ಇನ್ನೊಂದ್ಸಲ ಕೇಳಿಸ್ತೀರಾ?" ಎಂದರು ತಾಯಿ.

"ಸೋಮವಾರ ಬನ್ನಿ. ನನ್ ತಂಗಿ ರೆಡಿ ಮಾಡಿಟ್ಟಿರ್ತಾಳೆ" ಎಂದಳು ಅಕ್ಕ.

ಎದ್ದು ಒಳಗೆ ಬಂದೆ. ಸ್ಕ್ಯಾನ್ ನಿಲ್ಲಿಸಿದೆ. ಪ್ಲಗ್ ಕಿತ್ತೆ. ಕೆಂಪು ಚೀಟಿ ಅಂಟಿಸಿದೆ. ತಾರೀಖಿನ ಜಾಗ ಖಾಲಿ. 8 ಎಂದು ಬರೆದರೆ ಈಗ ತಾನೇ ಬಿದ್ದದ್ದಾಗುತ್ತದೆ. ಅಕ್ಕ ನಂಬುತ್ತಾಳೆ, ಹೋಗಲಿ ಬಿಡೆ ಎಂದು ತಲೆ ಸವರುತ್ತಾಳೆ. ಅದನ್ನು ನೆನೆದರೇ ಅಳು ಬರುತ್ತದೆ.

ಹೊರಗೆ ಬಾಗಿಲು ಹಾಕಿದ ಸದ್ದು. ಅವರನ್ನು ಕಳಿಸಿ ಅಕ್ಕ ಈ ಕಡೆಗೇ ಬರುತ್ತಿದ್ದಾಳೆ.

ಬರೆದೆ. ಬಿದ್ದ ತಾರೀಖು: ಮಾರ್ಚ್ 4. ಅವಳು ಚೀಟಿ ಓದುವ ಮೊದಲೇ ನಾನೇ —