ಅಪ್ಪನ ಕಣ್ಣು

ಶಹಾಪುರ,
ಸೋಮವಾರ

ಹಣಮೇಶಣ್ಣಗ ನಮಸ್ಕಾರ.

ಅಪ್ಪನ ಹನ್ನೊಂದನೇ ದಿನದ ಪೂಜಿಗಿ ನೀ ಕೇಳಿದ ದೊಡ್ಡ ಫೋಟೋ ವಡಗೇರಾ ಬಸ್ಸಿನ್ಯಾಗ ಕಳಿಸೇನಿ. ಹೋದ ತಿಂಗಳ ಅಪ್ಪ ನಮ್ಮ ಸ್ಟುಡಿಯೋಕ್ಕ ಬಂದಾಗ, ಲೈಟ್ ಹಚ್ಚೂದು ಕಲಿಯಾಕ ನಾ ತಗದಿದ್ದು ಇದು. ಲೈಟ್ ಭಾಳ ಮ್ಯಾಲ ಇಟ್ಟುಬಿಟ್ಟಿದ್ದೆ. ಹುಬ್ಬಿನ ನೆರಳು ಬಿದ್ದು ಎರಡೂ ಕಣ್ಣು ಕರ್ರಗ ಗುಂಡಿ ಆಗಿದ್ದವು. ಇನ್ನೊಮ್ಮಿ ಕುಂದ್ರು ಅಂದ್ರ, "ಮೀನಿನ ಬಲಿ ಹಾಕಿ ಬಂದೇನಿ, ಮುಂದಿನ ವಾರ ಬರ್ತೇನಿ" ಅಂದ. ಆ ವಾರ ಬರೂದ್ರಾಗ ಹೊಳಿ ಅವನ್ನ ಎಳಕೊಂಡು ಹೋತು.

ಹೊಳಿ ದಂಡಿಮ್ಯಾಲ ಪೊಲೀಸರು ತಗದ ಫೋಟೋ ನನಗ ಬ್ಯಾಡ. ಕಣ್ಣಾಗ ಬೆಳಕಿನ ಚುಕ್ಕಿ ಇಲ್ಲಂದ್ರ ಮಾರಿ ಸತ್ತವರಂಗ ಕಾಣ್ತದ ಅಂತಾರ ನಮ್ಮ ಉಸ್ತಾದರು. ಅದಕ್ಕ ನಾನ ಲೈಟಿನ ಮುಂದ ಕುಂತು ಫೋಟೋ ತಕ್ಕೊಂಡು, ನನ್ನ ಕಣ್ಣು ಕಂಪ್ಯೂಟರಿನ್ಯಾಗ ಅಪ್ಪನ ಮಾರಿಗಿ ಕೂಡಿಸೇನಿ. ನನ್ನ ಕಣ್ಣು ಥೇಟ್ ಅಪ್ಪಂದ ಅಂತ ನೀವ ಅಂತಿದ್ರಿ.

ಅವ್ವಗ ಹೇಳಬ್ಯಾಡ. ಬದುಕಿದ್ದವರ ಫೋಟೋಕ್ಕ ಹಾರ ಹಾಕಬಾರದು ಅಂತ ಆಕಿ ಹೆದರ್ತಾಳ. ಹಾರ ಕಣ್ಣಿಗಿ ಅಡ್ಡ ಬರಲಾರದಂಗ ಹಾಕು. ಈ ಪತ್ರ ಓದಿ ಒಲಿಗಿ ಹಾಕು.

ಪೂಜಿಗಿ ನಾ ಬರೂದಿಲ್ಲ, ರಜಾ ಸಿಗಲಿಲ್ಲ ಅಂತ ಹೇಳು. ಆ ಫೋಟೋದ ಬಾಜೂಕ ನಾ ನಿಂತ್ರ ಅವ್ವಗ ಗೊತ್ತಾಗ್ತದ.

ನಿನ್ನ ತಂಗಿ,
ಪರಿಮಳಾ