ಡೆಲೀನ್ ದೊಡ್ಡಮ್ಮನ ಬಾಗಿಲಲ್ಲಿ

ಪೋರ್ಟ್ ಎಲಿಜಬೆತ್, ದಕ್ಷಿಣ ಆಫ್ರಿಕಾ
ಏಪ್ರಿಲ್ 3, 2014. ಗುರುವಾರ

ನನ್ನ ಸಂಶೋಧನೆಗಾಗಿ ಇವತ್ತೂ ಒಂದು ಕುಟುಂಬದ ಸಂದರ್ಶನ. ಪ್ರಶ್ನೆ ಅದೇ: ಮನೆಯಲ್ಲಿ ಮಕ್ಕಳ ಜೊತೆ ಮೈಬಣ್ಣದ, ಜನಾಂಗದ ಮಾತು ಬರುತ್ತದೆಯೇ? ಅಪ್ಪ ಡ್ರಾಯ್, ಬಂದರಿನಲ್ಲಿ ಕ್ರೇನ್ ಓಡಿಸುವವನು, ನಕ್ಕ.

"ಡಾಕ್ಟ್ರೇ, ನಮ್ಮನೇಲಿ ರಗ್ಬಿಗೆ ಕಿತ್ತಾಡ್ತೀವಿ. ಇದಕ್ಕಾ? ಉಹೂಂ."

ಪುಟ್ಟ ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಮಕ್ಕಳಿಗೆ ಎಲ್ಲ ಗೊತ್ತಿರುತ್ತದೆ.

ನಮ್ಮಮ್ಮನೂ ಹಾಗೇ. ವರ್ಣಭೇದದ ಕಾಲದ ಮಾತೆತ್ತಿದರೆ ಸಾಕು, ಟೀ ಮಾಡಲು ಎದ್ದುಬಿಡುತ್ತಾಳೆ.

ಏಪ್ರಿಲ್ 18. ಗುಡ್ ಫ್ರೈಡೇ

ಊಟಕ್ಕೆ ವಿನೆಗರ್ ಮೀನು, ಬನ್ನು. ನನ್ನ ಮಗಳು ಲೀಆನ್ ಅಜ್ಜಿಯ ಕೈ ಪಕ್ಕ ತನ್ನ ಕೈ ಇಟ್ಟಳು. "ನೋಡು, ನಾನೇ ಬೆಳ್ಳಗೆ! ನಾನೇ ಗೆದ್ದೆ!"

ಇದನ್ನೇ ಓದಿ ಡಾಕ್ಟರೇಟ್ ಪಡೆದವಳು ನಾನು. ಹೇಳಿದ್ದೇನು? "ಸುಮ್ನೆ ಊಟ ಮಾಡು."

ಅಮ್ಮ ಫೋರ್ಕ್ ಕೆಳಗಿಟ್ಟಳು.

"ಗೆದ್ಯಾ? ಬಾ ಇಲ್ಲಿ, ಚಿನ್ನ. ನಂಗೊಬ್ಬಳು ಅಕ್ಕ ಇದ್ಲು, ಡೆಲೀನ್ ಅಂತ. ಯಾರು ಬಿಳಿಯರು, ಯಾರಲ್ಲ ಅಂತ ನೋಡೋಕೆ ಸರ್ಕಾರದವನೊಬ್ಬ ನಮ್ಮಿಬ್ಬರ ಕೂದಲಿಗೂ ಪೆನ್ಸಿಲ್ ಸಿಕ್ಕಿಸಿದ. ಅವಳದು ಜಾರಿ ಬಿತ್ತು. ನಂದು ಗುಂಗುರಲ್ಲಿ ಸಿಕ್ಕಿ ಅಲ್ಲೇ ನಿಂತ್ಬಿಡ್ತು. ಅವಳು ಬಿಳಿಯಳು, ನಾನಲ್ಲ ಅಂತ ಬರ್ಕೊಂಡ. ಅವಳನ್ನ ಬಿಳಿಯರ ಹಾಸ್ಟೆಲಿಗೆ ಕಳ್ಸಿದ್ರು. ಆಮೇಲೆ ಬೀದೀಲಿ ಸಿಕ್ಕರೂ ಮುಖ ತಿರುಗಿಸೋಳು."

"ಹಾಗಾದ್ರೆ ಗೆದ್ದಿದ್ದು ಯಾರು?"

"ಪೆನ್ಸಿಲ್ಲು."

ನನಗೊಬ್ಬಳು ದೊಡ್ಡಮ್ಮ! ಈ ವಯಸ್ಸಿಗೆ ತಿಳಿಯಿತು. ಆದರೂ ಅಮ್ಮನ ಬಗ್ಗೆ ಎಂಥ ಹೆಮ್ಮೆ. ದನಿ ಒಂದಿಷ್ಟೂ ನಡುಗಲಿಲ್ಲ. ನನ್ನ ಕೈಲಾಗದ್ದನ್ನು ಅಮ್ಮ ಮಾಡಿದಳು.

ಏಪ್ರಿಲ್ 19

ಎದ್ದಕೂಡಲೇ ಲೀಆನ್: "ಅಜ್ಜೀ, ನಿಮ್ಮಕ್ಕನ್ನ ನೋಡೋಣ."

ವಿಳಾಸ ಅಮ್ಮನಿಗೆ ಬಾಯಿಪಾಠ. ವಾಲ್ಮರ್ ಬಡಾವಣೆ. ಇದೇ ಊರಲ್ಲಿ! "ಯೋಚನೆ ಮಾಡ್ತೀನಿ" ಎಂದಳು.

ಮೇ 4. ಭಾನುವಾರ

ಹೋದೆವು. ಅಮ್ಮ ಚರ್ಚಿನ ನೀಲಿ ಹ್ಯಾಟ್ ಹಾಕಿದ್ದಳು.

"ನಾನು ಮೊದಲು ಹೋಗಿ ಮಾತಾಡ್ಲಾ?"

"ಇದು ನಿನ್ನ ರಿಸರ್ಚ್ ಅಲ್ಲ ಕಣೇ. ನನ್ನ ಅಕ್ಕ."

ಬೆಲ್ ತಾನೇ ಒತ್ತಿದಳು. ಬಾಗಿಲು ತೆರೆದ ಮುದುಕಿ ಬೆಳ್ಳಗಿದ್ದಳು. ಮೂಗು ಮಾತ್ರ ಥೇಟ್ ಅಮ್ಮನದು. "ಯಾರು ಬೇಕಿತ್ತು?"

"ನಾನು ಮಿನ್ನಾ. ಮೊಮ್ಮಗಳಿಗೆ ನಿನ್ನ ತೋರ್ಸೋಕೆ ಬಂದೆ."

ಮುದುಕಿ ಬೀದಿಯ ಆಚೀಚೆ ನೋಡಿದಳು. ಕೈ ಬಾಗಿಲ ಮೇಲೆ. ಮುಚ್ಚಲಿಲ್ಲ, ಪೂರ್ತಿ ತೆರೆಯಲೂ ಇಲ್ಲ. ಅಷ್ಟರಲ್ಲಿ ಒಳಗಿಂದ ಮೊಮ್ಮಗ ಬಂದ, ಎತ್ತರದ ಹುಡುಗ. "ಯಾರಜ್ಜೀ ಇವ್ರು?"

"ಇವಳು..." ಎಂದಳು ಮುದುಕಿ. "ಇವಳು ನನ್ನ..."

ಅಮ್ಮ ಸಹಾಯಕ್ಕೆ ಹೋಗಲಿಲ್ಲ. ತಲೆ ಎತ್ತಿ ನಿಂತಿದ್ದಳು. ಆ ಮಾತು ಅಕ್ಕನ ಬಾಯಿಂದಲೇ ಬರಲಿ ಎಂದು ಕಾದಳು.

ಬಂತು. "ನನ್ನ ತಂಗಿ."

ಬಾಗಿಲು ಪೂರ್ತಿ ತೆರೆಯಿತು. ನನ್ನ ಅಮ್ಮ ಹ್ಯಾಟ್ ಸರಿಮಾಡಿಕೊಂಡು, ಲೀಆನ್ ಕೈ ಹಿಡಿದು, ಎಲ್ಲರಿಗಿಂತ ಮುಂದೆ ಒಳಗೆ ನಡೆದಳು.