ಗೂನು ಗಂಟು

ಫೆಬ್ರವರಿ 7, ಸೋಮವಾರ. ಬೆಳಿಗ್ಗೆ 6.40

ಇಸ್ತ್ರಿ ಪೆಟ್ಟಿಗೆಗೆ ಕ್ಯೂ. ನನ್ನ ಮುಂದೆ ನಾಲ್ವರು. ಬುಧವಾರಕ್ಕೆ ಬಿಳಿ ಬ್ಲೌಸ್ ಬೇಕು — ಕೋರ್ಟಿಗೆ ಬಣ್ಣದ್ದು ಹಾಕಬಾರದಂತೆ. ಹನ್ನೊಂದನೇ ವಯಸ್ಸಿನಿಂದ ಹಾಸ್ಟೆಲ್ಲು, ಇನ್ನೂ ಕಾಲರ್ ಇಸ್ತ್ರಿ ಮಾಡಲು ಬರುವುದಿಲ್ಲ.

ಅಸೈನ್‌ಮೆಂಟ್: "ಇಂದಿನ ಕಡಲ್ಗಳ್ಳತನವನ್ನು ದೇಶಗಳು ಹೇಗೆ ಎದುರಿಸಬೇಕು?" ಸಾವಿರದ ಐನೂರು ಪದ. ಹದಿನೆಂಟಕ್ಕೆ ಕೊಡಬೇಕು. ಈವರೆಗೆ ಬರೆದದ್ದು ನನ್ನ ಹೆಸರು.

ಮಿಸ್ಟರ್ ಕಾನ್ಫೆ ನಮಗೆ ಕ್ರಿಮಿನಲ್ ಲಾ ಮೇಷ್ಟ್ರು. ಉಳಿದ ದಿನ ಸರ್ಕಾರಿ ವಕೀಲರು. ಸೆಶೆಲ್ಸಿನಂಥ ಪುಟ್ಟ ದೇಶದಲ್ಲಿ ಎಲ್ಲರಿಗೂ ಎರಡೆರಡು ಕೆಲಸ. ಬುಧವಾರ ಅವರದೇ ಕೇಸು ನೋಡಲು ಇಡೀ ಕ್ಲಾಸು ಹೋಗಬೇಕು. ಐವರು ಸೊಮಾಲಿಗಳು. ಸರಕಿನ ಹಡಗೊಂದನ್ನು ಅಟ್ಟಿಸಿಕೊಂಡು ಹೋದ ಆರೋಪ. ಸಾಕ್ಷಿಗಳ ಪಟ್ಟಿಯಲ್ಲಿ ಮೂರನೇ ಹೆಸರು — ರೆನಾಲ್ ಎರ್ನೆಸ್ಟಾ, ಮೀನುಗಾರ.

ಅಪ್ಪ.

ಎರಡು ವರ್ಷದ ಹಿಂದೆ ಸೊಮಾಲಿ ಕಡಲ್ಗಳ್ಳರು ಅಪ್ಪನನ್ನೂ ಬೆರ್ನಾರ್ ಮಾಮನನ್ನೂ ದೋಣಿ ಸಮೇತ ಎಳೆದುಕೊಂಡು ಹೋಗಿದ್ದರು. ತೊಂಬತ್ತೊಂದು ದಿನ. ಅಪ್ಪ ವಾಪಸ್ ಬಂದರು. ಮಾಮ ಅಲ್ಲೇ ಜ್ವರದಲ್ಲಿ ಹೋದರು. ಆ ತೊಂಬತ್ತೊಂದು ದಿನವೂ ಹಾಸ್ಟೆಲ್ಲಿನಲ್ಲಿ ಎಂದಿನಂತೆ ಹಾಜರಿ ಹೇಳಿದೆ. "ಪ್ರೆಸೆಂಟ್ ಮಿಸ್."



ಫೆಬ್ರವರಿ 9, ಬುಧವಾರ. ಮಧ್ಯಾಹ್ನ

ಕೋರ್ಟಿನ ಹೊರಗಿನ ಬೆಂಚು. 

ಗ್ಯಾಲರಿಯಲ್ಲಿ ನನ್ನ ಪಕ್ಕ ಉರ್ಸುಲ್ ಅತ್ತೆ, ಬೆರ್ನಾರ್ ಮಾಮನ ಹೆಂಡತಿ. ಇನ್ನೂ ಕಪ್ಪು ಬಟ್ಟೆ. ಅಪ್ಪನನ್ನು ಕಾನ್ಫೆ ಸರ್ ಕೇಳಿದರು, "ಈ ಐವರಲ್ಲಿ ಯಾರನ್ನಾದರೂ ಮೊದಲು ನೋಡಿದ್ದೀರಾ?"

"ಇಲ್ಲ ಸ್ವಾಮಿ. ಆಗ ಅವರೆಲ್ಲ ಮುಖಕ್ಕೆ ಬಟ್ಟೆ ಸುತ್ಕೊಂಡಿರ್ತಿದ್ರು."

ಆಮೇಲೆ ಆರೋಪಿಗಳ ವಕೀಲರು ಎದ್ದರು. ಬಾಟಲಿಗೆ ಸುತ್ತಿದ ನೀಲಿ ನೈಲಾನ್ ದಾರ, ತುದಿಯಲ್ಲಿ ಗಾಳ. ಐವರ ದೋಣಿಯಲ್ಲಿ ಸಿಕ್ಕಿದ್ದಂತೆ. ತಾವು ಮೀನು ಹಿಡಿಯಲು ಬಂದವರು ಎನ್ನುವುದಕ್ಕೆ ಅವರ ಬಳಿ ಇರುವ ಸಾಕ್ಷಿ ಅದೊಂದೇ. "ನಲವತ್ತು ವರ್ಷದಿಂದ ಮೀನುಗಾರರು ನೀವು. ಇದು ಮೀನು ಹಿಡಿಯೋ ದಾರಾನೇ?"

ಅಪ್ಪ ತಿರುಗಿಸಿ ತಿರುಗಿಸಿ ನೋಡಿದರು. "ಹೌದು. ಮೀನುಗಾರನೇ ಕಟ್ಟಿದ್ದು."

ಕ್ಲಾಸಿಗೆ ಕೊಟ್ಟ ಫೈಲಿನಲ್ಲಿ ಆ ಗಾಳದ ಗಂಟಿನ ಫೋಟೋ ಇತ್ತು, ದೊಡ್ಡದು. ಐದು ಸುತ್ತು, ಒಂದು ಹಿಮ್ಮುಖ, ತುದಿ ಹಲ್ಲಲ್ಲಿ ಕಚ್ಚಿ ತುಂಡರಿಸಿದ್ದು. ಬೆನ್ನ ಮೇಲೆ ಉಬ್ಬು. ಅಪ್ಪನ ಬಲಗೈ ತೋರುಬೆರಳಿನ ತುದಿ ಇಲ್ಲ, ರಾಟೆಗೆ ಸಿಕ್ಕಿ ಹೋಗಿದ್ದು. ಹಾಗಾಗಿ ಆ ಗಂಟು ಬರುವುದು ಅವರ ಕೈಯಿಂದ ಮಾತ್ರ. ನಮ್ಮ ದೋಣಿ ಧಕ್ಕೆಯಲ್ಲಿ ಎಲ್ಲರೂ ನಗುತ್ತಾರೆ, "ರೆನಾಲ್, ನಿನ್ನ ಗಂಟಿಗೆ ಗೂನು ಬಂದಿದೆ ಮಾರಾಯ!"

ಅಪ್ಪನ ಗಂಟು, ಸೊಮಾಲಿಗಳ ದೋಣಿಯಲ್ಲಿ. ಅಂದರೆ ಆ ಐವರಲ್ಲಿ ಒಬ್ಬನಾದರೂ ಅಪ್ಪನನ್ನು ಹಿಡಿದಿಟ್ಟ ಜಾಗದಲ್ಲಿದ್ದ.

ಕೊನೆಯಲ್ಲಿ ನಿಂತ ತೆಳ್ಳಗಿನವನು, ಫೈಲಿನಲ್ಲಿ ಹೆಸರು ಅಬ್ಶಿರ್, ನೆಲ ನೋಡುತ್ತಿದ್ದ. ಅತ್ತೆಯೂ ಬಗ್ಗಿ ಫೋಟೋ ನೋಡಿದರು.  ಮೆಲ್ಲಗೆ ನನ್ನ ಫೈಲು ಮುಚ್ಚಿದರು.

ಫೆಬ್ರವರಿ 12, ಶನಿವಾರ. ಪ್ರಾಲಿನ್ ದ್ವೀಪ, ಮನೆ

ಅಪ್ಪ ದೀವಿಹಲಸು ಸುಡುತ್ತಿದ್ದರು. ಕೇಳಿಯೇಬಿಟ್ಟೆ.

"ಗಂಟು ನೋಡಿದೆ ಅಪ್ಪ."

ಬೆಂಕಿಯ ಮೇಲಿನ ಕಾಯಿ ತಿರುವಿದರು.

"ಅಬ್ಶಿರ್ ಅಂತ. ನಮ್ಮನ್ನ ಕಾಯ್ತಿದ್ದ. ಬಂದೂಕು ಹಿಡ್ಕೊಂಡೇ ಕಾಯ್ತಿದ್ದ, ಇಲ್ಲ ಅನ್ನಲ್ಲ. ಊಟ ಮುಗ್ದೋಗಿತ್ತು, ಅವನಿಗೂ ನಮಗೂ. ಗಾಳ ಕಟ್ಟೋದು ಹೇಳಿಕೊಟ್ಟೆ. ನನ್ನ ಕೈಯನ್ನೇ ನೋಡ್ಕೊಂಡು ಕಲ್ತ, ಪೆದ್ದ. ಬೆರಳು ಹತ್ತೂ ಇದ್ರೂ ಗೂನೇ ಕಟ್ತಿದ್ದ."

"ಕೋರ್ಟಲ್ಲಿ ಪ್ರಮಾಣ ಮಾಡಿದ್ರಲ್ಲ!"

"ಮಾಡ್ದೆ. ಇಲ್ಲಿ ಹಿಡಿದಿಟ್ಟಿದ್ದ ಅವರ ಕಡೆಯವರನ್ನ ಬಿಟ್ರು, ಅದಕ್ಕೇ ನಾನು ಮನೆಗೆ ಬಂದೆ. ಬಿಡಬಾರದಿತ್ತು ಅಂತ ನಿನ್ನ ಪುಸ್ತಕದಲ್ಲಿ ಬರ್ದಿದೆಯೇನು ಮಗಳೇ?"

ಬರೆದಿದೆ. ಎದ್ದು ತಟ್ಟೆ ತಂದಿಟ್ಟೆ.

ಇನ್ನೊಂದು. ಇದನ್ನು ಬರೆಯಲೇ ಕಷ್ಟ. ಬೆರ್ನಾರ್ ಸಾಯುವಾಗ ನಾನೇ ಕೈ ಹಿಡಿದಿದ್ದೆ ಎಂದು ಅಪ್ಪ ಅತ್ತೆಗೆ ಹೇಳಿದ್ದರು. ಸುಳ್ಳು, ಇವತ್ತು ಅವರೇ ಒಪ್ಪಿಕೊಂಡರು. ಅಷ್ಟರಲ್ಲಿ ಅಪ್ಪನನ್ನು ಬೇರೆ ಹಳ್ಳಿಗೆ ಸಾಗಿಸಿದ್ದರು. ಮಾಮನ ಹತ್ತಿರ ಇದ್ದವನು ಅಬ್ಶಿರ್ ಒಬ್ಬನೇ. ಅಲ್ಲಿದ್ದೆ ಎಂದು ಅವನು ಬಾಯಿಬಿಟ್ಟರೆ ತಾವು ಮೀನುಗಾರರು ಎಂಬ ಅವರ ಕತೆ ಮುಗಿಯಿತು — ಐವರಿಗೂ ಇಪ್ಪತ್ತು ವರ್ಷ ಜೈಲು.

ಫೆಬ್ರವರಿ 13, ಭಾನುವಾರ

ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲಲ್ಲಿ ಅತ್ತೆ ಮೊಣಕೈ ಹಿಡಿದರು.

"ನಿಮ್ಮಪ್ಪನ ಜೊತೆ ಇಪ್ಪತ್ತು ವರ್ಷ ಗಾಳ ಕಟ್ಟಿದೀನಿ ಪುಟ್ಟಿ. ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?"

ಎಲ್ಲ ಹೇಳಿಬಿಟ್ಟೆ. ಅಳುತ್ತಾ. ಕೈ ಹಿಡಿದಿದ್ದು ಅಪ್ಪ ಅಲ್ಲ ಎನ್ನುವುದನ್ನೂ. ಅಪ್ಪ ನನ್ನನ್ನು ಕ್ಷಮಿಸುತ್ತಾರೋ ಇಲ್ಲವೋ.

ಅತ್ತೆ ಅಳಲಿಲ್ಲ. "ಶನಿವಾರ ಜೈಲಲ್ಲಿ ಭೇಟಿ ಇರುತ್ತಂತಲ್ಲ? ಫಾರ್ಮು ಇಂಗ್ಲಿಷಲ್ಲಿರುತ್ತೆ. ನೀನೇ ತುಂಬು."

"ಕಾನ್ಫೆ ಸರ್‌ಗೆ ಹೇಳ್ತೀರಾ ಅತ್ತೆ?"

"ಫಾರ್ಮು ತುಂಬು ಅಂದೆ."

ಫೆಬ್ರವರಿ 18, ಶುಕ್ರವಾರ

ಅಸೈನ್‌ಮೆಂಟ್ ಕೊಟ್ಟೆ. ಎರಡೇ ಪುಟ. ಕಾವಲು ಹಡಗು ಬೇಕು. ಹಿಡಿದವರನ್ನು ಅಲ್ಲೇ ಬಿಟ್ಟು ಹೋಗದೆ ವಿಚಾರಣೆ ನಡೆಸಬೇಕು. ಸೊಮಾಲಿಗಳ ಕಡಲನ್ನು ಗೋರಿಕೊಂಡು ಹೋಗುವ ಹೊರದೇಶದ ಟ್ರಾಲರುಗಳನ್ನೂ ಹಿಡಿಯಬೇಕು — ಕಳ್ಳತನ ಅಂದಮೇಲೆ ಅದೂ ಕಳ್ಳತನ. ಕೊನೆಯ ಸಾಲು: "ಆದರೆ ಕಳೆದುಕೊಂಡವರಿಗೆ ದೇಶ ಕೊಡಬೇಕಾದದ್ದು" — ಅಲ್ಲಿಗೆ ನಿಂತೆ. ಗಂಟೆ ಹೊಡೆಯಿತು.

ಫೆಬ್ರವರಿ 26, ಶನಿವಾರ. ಸಂಜೆಯ ದೋಣಿಯಲ್ಲಿ

ಕಳೆದ ಶನಿವಾರ ಪರ್ಮಿಶನ್ ಸಿಗಲಿಲ್ಲ. ಇವತ್ತು ಸಿಕ್ಕಿತು. ಸೋಮವಾರ ತೀರ್ಪು.

ಉದ್ದ ಮೇಜು. ಆ ಕಡೆ ಅಬ್ಶಿರ್. ಕಾವಲಿನವನು ಬಾಗಿಲಲ್ಲಿ, ರೇಡಿಯೋದಲ್ಲಿ ಫುಟ್‌ಬಾಲ್ ಕೇಳುತ್ತಾ. ಒಂದೂವರೆ ವರ್ಷದ ಜೈಲಿನಲ್ಲಿ ಅವನಿಗೆ ನಮ್ಮ ಭಾಷೆ ಬಂದಿದೆ, ಬೈಗುಳ ಸಮೇತ.

ಅತ್ತೆ ತಮ್ಮ ಹೆಸರು ಹೇಳಲಿಲ್ಲ. ಮದುವೆಯ ಉಂಗುರ ಬಿಚ್ಚಿ ಮೇಜಿನ ಮೇಲಿಟ್ಟರು. ಬ್ರೆಡ್ ಪೊಟ್ಟಣದ ದಾರ ಬಿಚ್ಚಿ ಅದರ ಪಕ್ಕ ಇಟ್ಟರು.

"ಕಟ್ಟು."

ಅವನು ನನ್ನ ಬಿಳಿ ಬ್ಲೌಸ್ ನೋಡಿದ. "ಇವಳು ವಕೀಲೇನಾ?"

"ಇನ್ನೂ ಫಸ್ಟ್ ಇಯರ್ರು. ಅವಳಿಗೇನೂ ಗೊತ್ತಿಲ್ಲ. ಕಟ್ಟು ಮಗನೇ. ನಾನು ಯಾರಿಗೂ ಹೇಳೋದಿಲ್ಲ. ಬೆರ್ನಾರ್ ಮೇಲಾಣೆ."

ಆ ಹೆಸರು ಕೇಳಿದ್ದೇ ಮುಖ ಬದಲಾಯಿತು. ಉಂಗುರಕ್ಕೆ ದಾರ ಕಟ್ಟಿದ. ಐದು ಸುತ್ತು. ಒಂದು ಹಿಮ್ಮುಖ. ಹಲ್ಲಲ್ಲಿ ಕಚ್ಚಿ ತುಂಡರಿಸಿದ.

"ಕೊನೇಲಿ ಏನಂದ?" ಅತ್ತೆ ಕೇಳಿದರು.

"ಜ್ವರ ಜಾಸ್ತಿ ಆಗಿತ್ತು ಅಮ್ಮಾ. ಮೀನಿನ ಸಾರು ಕುಡಿಸ್ತಿದ್ದೆ. ನನ್ನನ್ನ ಬೇರೆ ಯಾರೋ ಅಂದ್ಕೊಂಡು ಬೈದ್ರು. 'ಉರ್ಸುಲ್, ಇವತ್ತೂ ಉಪ್ಪು ಸುರ್ದಿದೀಯಲ್ಲೇ' ಅಂತ. ಬೈದು, ಎಲ್ಲಾ ಕುಡಿದ್ರು. ಆಮೇಲೆ ಮಲಗಿದ್ರು." ಉಂಗುರವನ್ನು ಅತ್ತೆಯತ್ತ ಸರಿಸಿ ಕೇಳಿದ, "ಉರ್ಸುಲ್ ಅಂದ್ರೆ ಯಾರಮ್ಮಾ?"

ಅತ್ತೆ ನಕ್ಕರು. ಜೋರಾಗಿ. ಕಾವಲಿನವನು ರೇಡಿಯೋ ಸಣ್ಣ ಮಾಡಿ ತಿರುಗಿ ನೋಡಿದ. ಎರಡು ವರ್ಷದಲ್ಲಿ ಅತ್ತೆ ನಕ್ಕಿದ್ದು ನಾನು ನೋಡಿರಲಿಲ್ಲ. ನಗುತ್ತಲೇ ಮೇಜಿಗೆ ಹಣೆ ಇಟ್ಟರು. ಅವನು ಕೈ ಚಾಚಿದ, ಮುಟ್ಟಲಿಲ್ಲ.

ಈಗ ನನ್ನ ಪಕ್ಕ ಕೂತು ಕಡಲು ನೋಡುತ್ತಿದ್ದಾರೆ. ಉಂಗುರ ಬೆರಳಲ್ಲಿದೆ, ಗಂಟು ಸಮೇತ.

"ಬಂದೂಕು ಹಿಡಿದೋನೇ ಅವ್ನು," ಅಂದರು. "ಶಿಕ್ಷೆ ಆದ್ರೆ ಆಗ್ಲಿ. ನನ್ನ ಬಾಯಿಂದ ಆಗಲ್ಲ."

ಫೆಬ್ರವರಿ 28, ಸೋಮವಾರ. ಬೆಳಿಗ್ಗೆ 9.50

ಗ್ಯಾಲರಿ. ಮೊಣಕಾಲ ಮೇಲೆ ಬರೆಯುತ್ತಿದ್ದೇನೆ.

ಮೆಟ್ಟಿಲ ಮೇಲೆ ಕಾನ್ಫೆ ಸರ್ ನಿಲ್ಲಿಸಿದರು. "ಮಿಸ್ ಎರ್ನೆಸ್ಟಾ, ನಿಮ್ಮ ಕೊನೇ ಸಾಲು ಅರ್ಧಕ್ಕೆ ನಿಂತಿದೆ. ಕಳೆದುಕೊಂಡವರಿಗೆ ಏನು ಕೊಡಬೇಕು? ನಿಮಗೇನೋ ಗೊತ್ತಿದೆ ಅನ್ನಿಸ್ತು."

ಹೇಳಬಹುದಿತ್ತು. ಒಂದೇ ವಾಕ್ಯ. 

"ಟೈಮ್ ಸಾಲಲಿಲ್ಲ ಸರ್."

ಅಸೈನ್‌ಮೆಂಟಿಗೆ ಇಪ್ಪತ್ತಕ್ಕೆ ಒಂಬತ್ತು ಅಂಕ.

ಅಪ್ಪ ಬಂದಿಲ್ಲ. ಬೆಳಿಗ್ಗೆಯೇ ಕಡಲಿಗೆ ಹೋದರಂತೆ. ಅತ್ತೆ ಬಂದಿದ್ದಾರೆ, ಹಳದಿ ಹೂವಿನ ಫ್ರಾಕ್. ತೊಡೆಯ ಮೇಲೆ ಡಬ್ಬಿ, ಮೀನಿನ ಸಾರಿನ ವಾಸನೆ.

"ಯಾರಿಗೆ ಅತ್ತೆ?"

"ಬಿಟ್ರೆ ಇವತ್ತೇ ಕೊಡ್ತೀನಿ. ಒಳಗೆ ಹಾಕಿದ್ರೆ ಶನಿವಾರ ಹೊಸದಾಗಿ ಮಾಡ್ಕೊಂಡು ಹೋಗ್ತೀನಿ."

"ಉಪ್ಪು ನೋಡಿದ್ರಾ?"

"ಇಲ್ಲ. ನೋಡಲ್ಲ."

10.05. ಎಲ್ಲರೂ ಎದ್ದು, ಕೂತೆವು. ನ್ಯಾಯಾಧೀಶರು ಕನ್ನಡಕ ಹಾಕಿಕೊಂಡರು. ಅಬ್ಶಿರ್ ಗ್ಯಾಲರಿಯತ್ತ ತಿರುಗಿದ, ಹುಡುಕುತ್ತಿದ್ದಾನೆ. ಕಪ್ಪು ಬಟ್ಟೆ ಹುಡುಕುತ್ತಿರಬೇಕು. ಅತ್ತೆ ಡಬ್ಬಿಯನ್ನು ಸ್ವಲ್ಪ ಮೇಲೆತ್ತಿ ತೋರಿಸಿದರು. ಕಂಡಿತು ಅವನಿಗೆ. ನ್ಯಾಯಾಧೀಶರು ತೀರ್ಪು ಓದಲು ಶುರು ಮಾಡಿದರು — ಮೊದಲನೇ ಆರೋಪಿ…